ಅಸರ್ಟ್ ಯಾರು ಯಾರಿಗೆ ಹೇಳುವ ಮಾತು?

ಪ್ರಶ್ನೆ: ಪಾಲಿಟೆಕ್ನಿಕ್ ಮುಗಿಸಿ ಸಣ್ಣ ಸಾಫ್ಟ್‌ವೇರ್ ಸಂಸ್ಥೆಯೊಂದರಲ್ಲಿ ಕೆಲಸಕ್ಕೆ ಸೇರಿದ್ದೇನೆ. ಅರ್ಜಿ ತುಂಬುವವರು ವಯಸ್ಸಿನ ಜಾಗದಲ್ಲಿ ಸೊನ್ನೆಗಿಂತ ಕಡಿಮೆ ಸಂಖ್ಯೆ ಹಾಕಿದರೆ ತಡೆಯಬೇಕಿತ್ತು. ಪೈಥಾನ್ ಭಾಷೆಯ ಅಸರ್ಟ್ (ಕೊಟ್ಟ ಷರತ್ತು ನಿಜವಲ್ಲದಿದ್ದರೆ ಪ್ರೋಗ್ರಾಂ ಅನ್ನು ನಿಲ್ಲಿಸುವ ಪದ) ಬಳಸಿ ಒಂದೇ ಸಾಲಿನಲ್ಲಿ ಮುಗಿಸಿದೆ. ಹಿರಿಯ ಸಹೋದ್ಯೋಗಿಯೊಬ್ಬರು ಅದನ್ನು ತೆಗೆಸಿ ಇಫ್ ಬರೆಸಿದರು. ಏಕೆಂದು ಕೇಳಿದರೆ, 'ಅಸರ್ಟ್ ಇರುವುದು ಇದಕ್ಕಲ್ಲ' ಎಂದಷ್ಟೇ ಹೇಳಿದರು. ಇಫ್ ಮಾಡುವ ಕೆಲಸವನ್ನೇ ಮಾಡುವ ಇನ್ನೊಂದು ಪದ ಭಾಷೆಯಲ್ಲಿ ಏಕಿರಬೇಕು? ನಿಘಂಟಿನಲ್ಲಿ ಅಸರ್ಟ್ ಎಂದರೆ 'ಒತ್ತಿ ಹೇಳು' ಎಂದಿದೆ. ಪರೀಕ್ಷಿಸುವ ಸಾಲಿಗೆ ಒತ್ತಿ ಹೇಳುವ ಹೆಸರೇಕೆ? ಬಿಡುವಿನಲ್ಲಿ ನಮ್ಮೂರಿನ ವಿದ್ಯಾರ್ಥಿಗಳಿಗೆ ಕನ್ನಡದಲ್ಲಿ ಪಾಠ ಬರೆಯುತ್ತಿದ್ದೇನೆ. ಅದರಲ್ಲಿ ಇದನ್ನು ಏನೆಂದು ಕರೆಯಲಿ?

ಉತ್ತರ: ನಿಮ್ಮ ಸಹೋದ್ಯೋಗಿ ಹೇಳಿದ್ದು ಸರಿ. ಆದರೆ ಕಾರಣವನ್ನೂ ಹೇಳಬೇಕಿತ್ತು. ಕಾರಣ ತಿಳಿಯದೆ ಪಾಲಿಸಿದ ನಿಯಮ ಮುಂದಿನ ಪ್ರಾಜೆಕ್ಟ್ ಹೊತ್ತಿಗೆ ಮರೆತುಹೋಗುತ್ತದೆ. ನಿಮ್ಮ ಮೂರು ಪ್ರಶ್ನೆಗಳಲ್ಲಿ ಹೆಸರಿನದೇ ಮುಖ್ಯವಾದದ್ದು. ಅದು ಬಿಡಿಸಿಕೊಂಡರೆ ಉಳಿದೆರಡೂ ಬಿಡಿಸಿಕೊಳ್ಳುತ್ತವೆ.

ನೀವು ಬರೆದ ಸಾಲನ್ನೇ ನೋಡೋಣ. ವಯಸ್ಸಿನ ಜಾಗದಲ್ಲಿ ಮೈನಸ್ ಐದು ಎಂದು ಬಂದರೆ ತಪ್ಪು ಯಾರದು? ಅರ್ಜಿ ತುಂಬಿದವರದು. ಅವರು ಹಾಗೆ ತುಂಬಬಹುದೆಂದು ನಿಮಗೆ ಮೊದಲೇ ಗೊತ್ತಿತ್ತು, ಅದಕ್ಕೇ ತಡೆಯಲು ಹೊರಟಿರಿ. ನಡೆಯಬಹುದೆಂದು ಗೊತ್ತಿರುವ ಸಂಗತಿಗೆ ಪ್ರೋಗ್ರಾಂ ಉತ್ತರ ಕೊಡಬೇಕು: 'ವಯಸ್ಸು ಸರಿಯಾಗಿ ತುಂಬಿ' ಎಂದು ಹೇಳಿ ನಮೂನೆಯನ್ನು ಮತ್ತೆ ತೋರಿಸಬೇಕು. ಅದು ಇಫ್‌ನ ಕೆಲಸ. ಅಸರ್ಟ್ ಇರುವುದು ನಡೆಯಲಾರದು ಎಂದು ನೀವು ನಂಬಿರುವ ಸಂಗತಿಗೆ. 'ನನ್ನ ಲೆಕ್ಕ ಸರಿಯಾಗಿದ್ದರೆ, ಈ ಸಾಲಿಗೆ ಬರುವ ಹೊತ್ತಿಗೆ ಇದು ನಿಜವಾಗಿಯೇ ಇರುತ್ತದೆ' ಎಂದು ಪ್ರೋಗ್ರಾಂ ಬರೆದವರು ಹೇಳುವ ಮಾತು ಅದು. ಆ ಮಾತು ಸುಳ್ಳಾದರೆ ತಪ್ಪು ಬಳಕೆದಾರರದಲ್ಲ, ಬರೆದವರದು. ಆಗ ಬಳಕೆದಾರರಿಗೆ ಹೇಳುವಂಥದ್ದೇನೂ ಇರುವುದಿಲ್ಲ. ಪ್ರೋಗ್ರಾಂ ನಿಲ್ಲಬೇಕು, ಯಾವ ಸಾಲಿನಲ್ಲಿ ನಂಬಿಕೆ ಮುರಿಯಿತೆಂದು ಬರೆದವರಿಗೆ ತಿಳಿಯಬೇಕು.

ಒಂದು ಉದಾಹರಣೆ. ಸಹಕಾರ ಸಂಘವೊಂದರ ಲಾಭಾಂಶ 1000 ರೂಪಾಯಿಯನ್ನು ಮೂವರು ಸದಸ್ಯರಿಗೆ ಸಮನಾಗಿ ಹಂಚುವ ಪ್ರೋಗ್ರಾಂ ಬರೆಯುತ್ತೀರಿ ಎಂದುಕೊಳ್ಳಿ. ಒಬ್ಬೊಬ್ಬರಿಗೆ 333 ರೂಪಾಯಿ 33 ಪೈಸೆ. ಮೂರನ್ನೂ ಕೂಡಿಸಿದರೆ 999 ರೂಪಾಯಿ 99 ಪೈಸೆ. ಒಂದು ಪೈಸೆ ಎಲ್ಲಿ ಹೋಯಿತು? ಒಳ್ಳೆಯ ಗುಮಾಸ್ತರಾದರೆ ಆ ಒಂದು ಪೈಸೆಯನ್ನು ಯಾರಾದರೊಬ್ಬರ ಪಾಲಿಗೆ ಸೇರಿಸಿ, ಲೆಕ್ಕ ತಾಳೆಯಾಗದ ಹೊರತು ಪುಸ್ತಕ ಮುಚ್ಚುವುದಿಲ್ಲ. ಪ್ರೋಗ್ರಾಂನಲ್ಲೂ ಹಂಚಿಕೆ ಮುಗಿದ ಕೂಡಲೇ ಒಂದು ಸಾಲು ಬರಬೇಕು: ಅಸರ್ಟ್, ಪಾಲುಗಳ ಮೊತ್ತ == ಮೂಲ ಮೊತ್ತ. ಲಾಭಾಂಶ ಎಷ್ಟೇ ಇರಲಿ, ಸದಸ್ಯರು ಎಷ್ಟೇ ಜನ ಇರಲಿ, ಈ ಸಮೀಕರಣ ಕೆಡಬಾರದು. ಕೆಟ್ಟರೆ ಹಂಚುವ ಸೂತ್ರವನ್ನೇ ನಾವು ತಪ್ಪಾಗಿ ಬರೆದಿದ್ದೇವೆ ಎಂದರ್ಥ. ಹೊರಗಿನಿಂದ ಯಾರು ಏನು ತುಂಬಿದರು ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ.

ಈಗ ಹೆಸರಿಗೆ ಬರೋಣ. ಅದು ಹುಟ್ಟಿದ ಕಥೆ ನನಗೆ ಬಹಳ ಇಷ್ಟವಾದದ್ದು. 1949ರ ಜೂನ್ 24ರಂದು, ಕೇಂಬ್ರಿಜ್‌ನಲ್ಲಿ ಎಡ್‌ಸ್ಯಾಕ್ ಕಂಪ್ಯೂಟರ್ ಆಗತಾನೆ ಚಾಲೂ ಆದ ಸಂದರ್ಭದ ಸಮ್ಮೇಳನದಲ್ಲಿ, ಗಣಿತಜ್ಞ ಅಲನ್ ಟ್ಯೂರಿಂಗ್ ಒಂದು ಚಿಕ್ಕ ಪ್ರಬಂಧ ಓದಿದರು. ದೊಡ್ಡದೊಂದು ಪ್ರೋಗ್ರಾಂ ಸರಿಯಾಗಿದೆಯೆಂದು ತಿಳಿಯುವುದು ಹೇಗೆ ಎಂಬುದು ಅವರ ಪ್ರಶ್ನೆ. ಉತ್ತರವನ್ನು ಅವರು ಶುರುಮಾಡಿದ್ದು ನಾವೆಲ್ಲ ಪ್ರಾಥಮಿಕ ಶಾಲೆಯಲ್ಲಿ ಮಾಡಿದ ಕೂಡುವ ಲೆಕ್ಕದಿಂದ. 1374, 5906, 6719, 4337, 7768. ಕೂಡಿದರೆ 26104. ಉತ್ತರವನ್ನು ಮಾತ್ರ ಕೊಟ್ಟರೆ, ತಾಳೆ ನೋಡುವವರು ಇಡೀ ಲೆಕ್ಕವನ್ನು ಒಂದೇ ಏಟಿಗೆ ಮಾಡಿ ಮುಗಿಸಬೇಕು. ಆದರೆ ಪ್ರತಿ ಸ್ಥಾನದಿಂದ ಮುಂದಿನದಕ್ಕೆ ಒಯ್ದ ದಶಕವನ್ನೂ ಬರೆದಿಟ್ಟರೆ? ಬಿಡಿ ಸ್ಥಾನದಲ್ಲಿ 34, ನಾಲ್ಕು ಬರೆದು ದಶಕ ಮೂರು; ಹತ್ತರ ಸ್ಥಾನದಲ್ಲಿ ಆ ಮೂರೂ ಸೇರಿ 20, ಸೊನ್ನೆ ಬರೆದು ದಶಕ ಎರಡು. ಹೀಗೆ ಒಂದೊಂದು ಸ್ಥಾನವನ್ನೂ ಬೇರೆಬೇರೆಯಾಗಿ, ಬೇಕಾದರೆ ಬೇರೆಬೇರೆ ಜನ ತಾಳೆ ನೋಡಬಹುದು. ಎಲ್ಲ ಸ್ಥಾನವೂ ಸರಿಯಿದ್ದರೆ ಮೊತ್ತವೂ ಸರಿ.

ಪ್ರೋಗ್ರಾಂ ಬರೆಯುವವರೂ ಹೀಗೆಯೇ ನಡುನಡುವೆ ಕೆಲವು ಖಚಿತವಾದ ಹೇಳಿಕೆಗಳನ್ನು ಕೊಡಬೇಕು, ಅವನ್ನು ಒಂದೊಂದಾಗಿ ತಾಳೆ ನೋಡಿದರೆ ಇಡೀ ಪ್ರೋಗ್ರಾಂ ಸರಿಯೆಂಬುದು ತಾನಾಗಿ ಹೊರಡುತ್ತದೆ ಎಂಬುದು ಟ್ಯೂರಿಂಗ್ ಅವರ ಮಾತಿನ ತಿರುಳು. ಆ 'ಹೇಳಿಕೆ'ಗೆ ಅವರು ಬಳಸಿದ ಪದವೇ ಅಸರ್ಷನ್. ಅವರಿಗೂ ಎರಡು ವರ್ಷ ಮುಂಚೆ, 1947ರಲ್ಲಿ, ಗಣಿತಜ್ಞರಾದ ಗೋಲ್ಡ್‌ಸ್ಟೈನ್ ಮತ್ತು ಫಾನ್ ನಾಯ್ಮನ್ ತಮ್ಮ ಪ್ರವಾಹ ನಕ್ಷೆಗಳಲ್ಲಿ (ಪ್ರೋಗ್ರಾಂನ ಹಂತಗಳನ್ನು ತೋರಿಸುವ ಫ್ಲೋಚಾರ್ಟ್‌ಗಳಲ್ಲಿ) ಅಸರ್ಷನ್ ಎಂಬ ಹೆಸರಿನ ಚೌಕಗಳನ್ನೇ ಇಟ್ಟಿದ್ದರು. ಆ ಚೌಕಗಳು ಯಂತ್ರಕ್ಕೆ ಯಾವ ಕೆಲಸವನ್ನೂ ಹೇಳುತ್ತಿರಲಿಲ್ಲ. ಲೆಕ್ಕ ಈ ಹಂತಕ್ಕೆ ಬಂದಾಗ ಯಾವುದಕ್ಕೆ ಯಾವ ಬೆಲೆ ಇರುತ್ತದೆ ಎಂದು ಓದುವವರಿಗೆ ತಿಳಿಸುತ್ತಿದ್ದವು, ಅಷ್ಟೆ.

ಈ ಹಂತದಲ್ಲಿ ಪರೀಕ್ಷೆ ನಡೆಸುವ ಯಂತ್ರದ ಮಾತೇ ಬಂದಿಲ್ಲ, ಗಮನಿಸಿ. ಒಬ್ಬರು ಹೇಳುತ್ತಾರೆ, ಇನ್ನೊಬ್ಬರು ಓದಿ ಒಪ್ಪುತ್ತಾರೆ ಅಥವಾ ತಪ್ಪು ಹಿಡಿಯುತ್ತಾರೆ. ಆದ್ದರಿಂದ 'ಚೆಕ್' ಎಂಬ ಹೆಸರು ಬರುವ ದಾರಿಯೇ ಇರಲಿಲ್ಲ. ನಾವು ಎಸ್ಸೆಸ್ಸೆಲ್ಸಿಯಲ್ಲಿ ಬರೆದ ರೇಖಾಗಣಿತದ ಪ್ರಮೇಯಗಳನ್ನು ನೆನಪಿಸಿಕೊಳ್ಳಿ: ದತ್ತ, ಸಾಧನೀಯ, ರಚನೆ, ಸಾಧನೆ. ಸಾಧನೆಯ ಒಂದೊಂದು ಸಾಲೂ ಒಂದು ಹೇಳಿಕೆ, ಎದುರಿಗೆ ಆವರಣದಲ್ಲಿ ಅದರ ಕಾರಣ. ಆ ಸಾಲುಗಳು ಏನನ್ನೂ ಮಾಡುವುದಿಲ್ಲ, ನಿಜವಾಗಿ ನಿಲ್ಲುತ್ತವೆ. ಅಸರ್ಷನ್ ಹುಟ್ಟಿದ್ದು ಆ ವಂಶದಲ್ಲಿ.

1967ರಲ್ಲಿ ಕಂಪ್ಯೂಟರ್ ವಿಜ್ಞಾನಿ ರಾಬರ್ಟ್ ಫ್ಲಾಯ್ಡ್ ಪ್ರವಾಹ ನಕ್ಷೆಯ ಒಂದೊಂದು ಗೆರೆಗೂ ಇಂಥ ಹೇಳಿಕೆ ತಗುಲಿಸಿ, ಪ್ರೋಗ್ರಾಂನ ಅರ್ಥವನ್ನೇ ಆ ಮೂಲಕ ನಿರೂಪಿಸಿದರು. 1969ರಲ್ಲಿ ಇನ್ನೊಬ್ಬ ಕಂಪ್ಯೂಟರ್ ವಿಜ್ಞಾನಿ ಟೋನಿ ಹೋರ್ ಅದನ್ನು ಸೂತ್ರಗಳಿಗೆ ಇಳಿಸಿದರು: ಈ ಹೇಳಿಕೆ ನಿಜವಿದ್ದಾಗ ಈ ತುಣುಕನ್ನು ನಡೆಸಿದರೆ, ಮುಗಿದ ಮೇಲೆ ಆ ಹೇಳಿಕೆ ನಿಜವಾಗಿರುತ್ತದೆ. ಮೊದಲನೆಯದು ದತ್ತ, ಕೊನೆಯದು ಸಾಧನೀಯ. ನಿಮ್ಮ ಪಾಠದಲ್ಲಿ ಈ ಎರಡು ಪದಗಳನ್ನು ಧೈರ್ಯವಾಗಿ ಬಳಸಿ. ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳಿಗೆ ಇಂಗ್ಲಿಷ್ ಹೆಸರುಗಳಿಗಿಂತ ಇವು ಬೇಗ ಹತ್ತುತ್ತವೆ.

ಲ್ಯಾಟಿನ್ ಬೇರಿನಲ್ಲೂ ಒಂದು ಸೊಗಸಾದ ಸಂಗತಿ ಇದೆ. ಪ್ರಾಚೀನ ರೋಮಿನ ಕಾನೂನಿನಲ್ಲಿ, ಗುಲಾಮನೆಂದು ಹಿಡಿದಿಟ್ಟವನ ಪರವಾಗಿ ಒಬ್ಬ ನಾಗರಿಕ ನ್ಯಾಯಾಧಿಕಾರಿಯ ಎದುರು ನಿಂತು, 'ಈತ ಸ್ವತಂತ್ರ' ಎಂದು ವಿಧಿವತ್ತಾಗಿ ಸಾರಬಹುದಿತ್ತು. ಹಾಗೆ ಸಾರುವವನಿಗೆ ಅಸರ್ಟರ್ ಎಂದು ಹೆಸರು. ಸಾರಿದವನು ತನ್ನ ಮಾತಿಗೆ ತಾನೇ ಹೊಣೆ. ಪ್ರೋಗ್ರಾಂನಲ್ಲಿ ಅಸರ್ಟ್ ಎಂದು ಬರೆಯುವಾಗಲೂ ನಾವು ಮಾಡುತ್ತಿರುವುದು ಅದನ್ನೇ.

ಹಾಗಾದರೆ ಅದು ಚಾಲನೆಯ ಹೊತ್ತಿನಲ್ಲಿ ಪರೀಕ್ಷೆಯಾಗಿದ್ದು ಹೇಗೆ? ಹೇಳಿಕೆಗಳನ್ನು ಗಣಿತದಿಂದ ಸಾಧಿಸುವುದು ದೊಡ್ಡ ಪ್ರೋಗ್ರಾಂಗಳಲ್ಲಿ ಬಹಳ ಕಷ್ಟ. ಸಾಧಿಸಲಾಗದಿದ್ದರೆ ಪ್ರೋಗ್ರಾಂ ಓಡುವಾಗಲಾದರೂ ಅದು ನಿಜವೋ ಎಂದು ನೋಡೋಣ ಎಂಬುದು ಬಡವರ ಸಾಧನೆ. ಸಿ ಭಾಷೆಯಲ್ಲಿ ಅಸರ್ಟ್ ಒಂದು ಮ್ಯಾಕ್ರೋ (ಕಂಪೈಲ್ ಆಗುವ ಮುನ್ನ ಬೇರೆ ಕೋಡ್ ಆಗಿ ಬಿಚ್ಚಿಕೊಳ್ಳುವ ಹೆಸರು) ಆಗಿ ಬಂತು. ಎನ್‌ಡೀಬಗ್ ಎಂಬ ಹೆಸರನ್ನು ನಿರೂಪಿಸಿ ಕಂಪೈಲ್ ಮಾಡಿದರೆ ಅಷ್ಟೂ ಅಸರ್ಟ್‌ಗಳು ಮಾಯವಾಗುತ್ತವೆ. ಪೈಥಾನ್ ಅನ್ನು ಮೈನಸ್ ಓ (-O) ಆಯ್ಕೆಯೊಂದಿಗೆ ಓಡಿಸಿದರೂ ಹಾಗೆಯೇ. ಜಾವಾದಲ್ಲಂತೂ ನೀವಾಗಿ ಕೇಳದ ಹೊರತು ಅವು ನಡೆಯುವುದೇ ಇಲ್ಲ.

ಇದೇ ನಿಮ್ಮ ಸಹೋದ್ಯೋಗಿ ಹೇಳದೆ ಬಿಟ್ಟ ಕಾರಣ. ತೆಗೆದುಹಾಕಿದರೂ ಸರಿಯಾದ ಪ್ರೋಗ್ರಾಂನ ನಡೆ ಬದಲಾಗಬಾರದು ಎಂಬುದು ಅಸರ್ಟ್‌ನ ಒಪ್ಪಂದ. ನಿಮ್ಮ ವಯಸ್ಸಿನ ಸಾಲು ಆ ಒಪ್ಪಂದಕ್ಕೆ ಕೂರುವುದಿಲ್ಲ. ಯಾರೋ ಸರ್ವರ್‌ನಲ್ಲಿ ವೇಗಕ್ಕೆಂದು ಮೈನಸ್ ಓ ಹಾಕಿದ ದಿನ, ಮೈನಸ್ ಐದು ವರ್ಷದವರು ಸದ್ದಿಲ್ಲದೆ ಡೇಟಾಬೇಸ್ ಸೇರುತ್ತಾರೆ. ವಯಸ್ಸಾದರೆ ಸಣ್ಣ ಪೇಚು. 'ಈ ಬಳಕೆದಾರರು ಆಡಳಿತಾಧಿಕಾರಿ' ಎಂಬುದನ್ನು ಅಸರ್ಟ್‌ನಿಂದ ಪರೀಕ್ಷಿಸಿದ್ದರೆ, ಅದೇ ಆಯ್ಕೆ ಕಚೇರಿಯ ಬಾಗಿಲನ್ನೇ ಎಲ್ಲರಿಗೂ ತೆರೆದಿಡುತ್ತದೆ.

ಇನ್ನೊಂದು ತಪ್ಪನ್ನು ನಾನೇ ಮಾಡಿದ್ದೇನೆ, ಹಾಗಾಗಿ ಒತ್ತಿ ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಗೋದಾಮಿನ ಸರಕಿನ ಲೆಕ್ಕವಿಡುವ ಸಿ ಪ್ರೋಗ್ರಾಂ ಒಂದರಲ್ಲಿ, ಪಟ್ಟಿಯಿಂದ ಒಂದು ನಮೂದನ್ನು ಅಳಿಸುವ ಕರೆಯನ್ನು ಅಸರ್ಟ್‌ನ ಆವರಣದೊಳಗೇ ಬರೆದಿದ್ದೆ: ಅಳಿಸು, ಅಳಿಸಿದ್ದು ಒಂದೇ ನಮೂದು ಎಂದು ನೋಡು. ನನ್ನ ಮೇಜಿನ ಮೇಲೆ ಎಲ್ಲವೂ ನೆಟ್ಟಗೆ ನಡೆಯಿತು. ಗ್ರಾಹಕರಿಗೆ ಕಳಿಸಿದ ಆವೃತ್ತಿಯಲ್ಲಿ ಅಸರ್ಟ್‌ಗಳು ಮಾಯವಾದವು, ಜೊತೆಗೆ ಅಳಿಸುವ ಕರೆಯೂ ಮಾಯವಾಯಿತು. ಬೆಳಗ್ಗೆ ಹೊರಟುಹೋದ ಲಾರಿಯ ಸರಕು ಸಂಜೆಯಾದರೂ ದಾಸ್ತಾನಿನಲ್ಲೇ ಇತ್ತು. ತಪ್ಪು ಹುಡುಕಲು ಅಸರ್ಟ್‌ಗಳನ್ನು ಮತ್ತೆ ಚಾಲೂ ಮಾಡಿದ ಕೂಡಲೇ ತಪ್ಪೇ ಕಾಣೆಯಾಗುತ್ತಿತ್ತು. ಕಾರಣ ಹೊಳೆಯಲು ಎರಡು ದಿನ ಹಿಡಿಯಿತು. ಅಂದಿನಿಂದ ನನ್ನ ಅಸರ್ಟ್‌ಗಳು ನೋಡುತ್ತವೆ, ಏನನ್ನೂ ಮುಟ್ಟುವುದಿಲ್ಲ. ಕೆಲಸವನ್ನು ಮೊದಲು ಮಾಡಿ ಫಲವನ್ನು ಒಂದು ಹೆಸರಿನಲ್ಲಿಡಿ, ಮುಂದಿನ ಸಾಲಿನಲ್ಲಿ ಆ ಹೆಸರಿನ ಬಗ್ಗೆ ಹೇಳಿಕೆ ಕೊಡಿ. ವಿಂಡೋಸ್‌ನ ಹಳೆಯ ಎಂಎಫ್‌ಸಿ ಗ್ರಂಥಾಲಯದಲ್ಲಿ (ಸಿದ್ಧ ಕೋಡ್‌ನ ಸಂಗ್ರಹದಲ್ಲಿ) ಇದಕ್ಕಾಗಿಯೇ ಅಸರ್ಟ್‌ನ ಪಕ್ಕ ವೆರಿಫೈ ಎಂಬ ಇನ್ನೊಂದು ಮ್ಯಾಕ್ರೋ ಇತ್ತು. ಬಿಡುಗಡೆಯ ಆವೃತ್ತಿಯಲ್ಲಿ ಅದು ಫಲವನ್ನು ಪರೀಕ್ಷಿಸುವುದಿಲ್ಲ, ಆದರೆ ಒಳಗಿನ ಕೆಲಸವನ್ನು ಬಿಡದೆ ಮಾಡುತ್ತದೆ.

ಪೈಥಾನ್‌ನವರಿಗೆ ಒಂದು ಸಣ್ಣ ಎಚ್ಚರಿಕೆ: ಷರತ್ತನ್ನೂ ಸಂದೇಶವನ್ನೂ ಸೇರಿಸಿ ಆವರಣದೊಳಗೆ ಹಾಕಬೇಡಿ. ಆಗ ಅದು ಎರಡು ಅಂಶಗಳ ಟ್ಯೂಪಲ್ (ಮೌಲ್ಯಗಳ ಗುಂಪು) ಆಗುತ್ತದೆ, ಖಾಲಿಯಲ್ಲದ ಟ್ಯೂಪಲ್ ಯಾವಾಗಲೂ ನಿಜ, ಅಸರ್ಟ್ ಎಂದಿಗೂ ಬೀಳುವುದಿಲ್ಲ, ಅಂದರೆ ತಪ್ಪು ಹಿಡಿಯುವುದೇ ಇಲ್ಲ.

ಒಂದೇ ಪದಕ್ಕೆ ಇಷ್ಟು ಕೆಲಸ ಹೊರಿಸಿದ್ದು ಸರಿಯೇ ಎಂದು ಭಾಷೆಗಳನ್ನು ರಚಿಸಿದವರೂ ಯೋಚಿಸಿದ್ದಾರೆ. ಬರ್ಟ್ರಾಂಡ್ ಮೇಯರ್ 1980ರ ದಶಕದಲ್ಲಿ ಐಫೆಲ್ ಭಾಷೆ ರೂಪಿಸಿದಾಗ ಅಸರ್ಷನ್ ಎಂಬುದನ್ನು ಕುಲದ ಹೆಸರಾಗಿ ಉಳಿಸಿಕೊಂಡು, ಒಳಗೆ ಬೇರೆ ಬೇರೆ ಪದಗಳನ್ನಿಟ್ಟರು. ಕರೆಯುವವರು ಪೂರೈಸಬೇಕಾದ ಷರತ್ತಿಗೆ ರಿಕ್ವೈರ್, ಕರೆಸಿಕೊಂಡವರು ಕೊಡುವ ಖಾತರಿಗೆ ಎನ್‌ಶೂರ್, ಯಾವಾಗಲೂ ಕೆಡಬಾರದ್ದಕ್ಕೆ ಇನ್‌ವೇರಿಯಂಟ್, ನಡುವಿನ ಹೇಳಿಕೆಗೆ ಚೆಕ್. ಪರೀಕ್ಷಿಸುವ ಸಾಲಿಗೆ ಪರೀಕ್ಷೆಯ ಹೆಸರೇಕಿಲ್ಲ ಎಂದಿರಲ್ಲ, ಆ ಪದ ಅಲ್ಲಿದೆ, ನೋಡಿ. ಈ ವಿಂಗಡಣೆ ನನಗೆ ಅತ್ಯಂತ ಪ್ರಾಮಾಣಿಕವಾಗಿ ಕಾಣುತ್ತದೆ, ಏಕೆಂದರೆ ಮುರಿದಾಗ ಯಾರು ಹೊಣೆ ಎಂಬುದು ಹೆಸರಿನಲ್ಲೇ ಇದೆ. ಕಾಟ್ಲಿನ್ ಭಾಷೆ ಕೂಡ ಇದೇ ಜಾಡಿನಲ್ಲಿ ನಡೆದಿದೆ: ರಿಕ್ವೈರ್ ಬಿದ್ದರೆ ಕೊಟ್ಟ ಮೌಲ್ಯ ತಪ್ಪು, ಚೆಕ್ ಬಿದ್ದರೆ ವಸ್ತುವಿನ ಸ್ಥಿತಿ ತಪ್ಪು ಎಂದು ಬೇರೆಬೇರೆ ಎಕ್ಸೆಪ್ಷನ್‌ಗಳು (ತಪ್ಪಿನ ಸೂಚನೆಗಳು) ಬರುತ್ತವೆ. ಸ್ವಿಫ್ಟ್ ಮತ್ತು ರಸ್ಟ್ ಭಾಷೆಗಳು ಇನ್ನೊಂದು ಪ್ರಶ್ನೆಯನ್ನು ಹೆಸರಿಗೆ ತಂದವು: ಬಿಡುಗಡೆಯ ಆವೃತ್ತಿಯಲ್ಲಿ ಇದು ಉಳಿಯುತ್ತದೆಯೇ? ಸ್ವಿಫ್ಟ್‌ನ ಸಾಮಾನ್ಯ ಬಿಡುಗಡೆಯಲ್ಲಿ ಅಸರ್ಟ್ ಹೋಗುತ್ತದೆ, ಪ್ರಿಕಂಡಿಷನ್ ಉಳಿಯುತ್ತದೆ. ರಸ್ಟ್‌ನಲ್ಲಿ ಅಸರ್ಟ್ ಯಾವಾಗಲೂ ಇರುತ್ತದೆ, ಹೋಗುವುದಕ್ಕೆ ಡೀಬಗ್ ಅಸರ್ಟ್ ಎಂದೇ ಹೆಸರು. ಒಂದೇ ಪದ ಎರಡು ಭಾಷೆಗಳಲ್ಲಿ ತದ್ವಿರುದ್ಧ ನಡೆಯುತ್ತದೆ. ಹೊಸ ಭಾಷೆ ಕಲಿಯುವಾಗ ಮೊದಲು ನೋಡಬೇಕಾದ ಪುಟ ಇದು. ಜಾವಾಸ್ಕ್ರಿಪ್ಟ್‌ನ ಕನ್ಸೋಲ್ ಅಸರ್ಟ್ ಅಂತೂ ಸಂದೇಶ ಬರೆದು ಸುಮ್ಮನಾಗುತ್ತದೆ, ಪ್ರೋಗ್ರಾಂ ಮುಂದುವರಿಯುತ್ತದೆ. ಅದಕ್ಕೆ ಆ ಹೆಸರು ಇಡಬಾರದಿತ್ತು ಎಂಬುದು ನನ್ನ ಅಭಿಪ್ರಾಯ.

ಹೆಸರಿಗಾಗಿ ಗೋಜಲೂ ಆಗಿದೆ. 2002ರಲ್ಲಿ ಬಂದ ಜಾವಾ 1.4 ಅಸರ್ಟ್ ಅನ್ನು ಕಾಯ್ದಿರಿಸಿದ ಪದವಾಗಿಸಿತು. ಅದಕ್ಕೂ ಮೊದಲೇ ಜೆಯುನಿಟ್ ಎಂಬ ಪರೀಕ್ಷಾ ಗ್ರಂಥಾಲಯದಲ್ಲಿ ಅಸರ್ಟ್ ಎಂಬ ಮೆಥಡ್ ಇತ್ತು. ಭಾಷೆಯೇ ಪದವನ್ನು ಕಿತ್ತುಕೊಂಡಿದ್ದರಿಂದ ಜೆಯುನಿಟ್ ತನ್ನದನ್ನು ಅಸರ್ಟ್ ಟ್ರೂ ಎಂದು ಬದಲಿಸಬೇಕಾಯಿತು. ಇಂದು ಸಾವಿರಾರು ಪ್ರೋಗ್ರಾಮರ್‌ಗಳು ದಿನವೂ ಬರೆಯುವ ಆ ಹೆಸರಿನ ಹಿಂದಿನ ಕಾರಣ ಇದು. ಸಿ++ನಲ್ಲಿ ಉಲ್ಟಾ ಪರಿಸ್ಥಿತಿ: ಅಸರ್ಟ್ ಹಳೆಯ ಮ್ಯಾಕ್ರೋ ಆಗಿ ಕುಳಿತಿರುವುದರಿಂದ, ಹೊಸ ಒಪ್ಪಂದದ ಸೌಲಭ್ಯವನ್ನು ಸಿ++26ರ ಕರಡಿಗೆ ಸೇರಿಸುವಾಗ ಕಾಂಟ್ರ್ಯಾಕ್ಟ್ ಅಸರ್ಟ್ ಎಂಬ ಉದ್ದನೆಯ ಪದವನ್ನು ಆರಿಸಿಕೊಳ್ಳಬೇಕಾಯಿತು. ಗೋ ಭಾಷೆಯವರು ಅಸರ್ಟ್ ಬೇಡವೆಂದೇ ಬಿಟ್ಟರು. ತಪ್ಪುಗಳನ್ನು ಸರಿಯಾಗಿ ನಿಭಾಯಿಸುವ ಯೋಚನೆಯನ್ನು ತಪ್ಪಿಸಿಕೊಳ್ಳಲು ಪ್ರೋಗ್ರಾಮರ್‌ಗಳು ಅದನ್ನು ಊರುಗೋಲು ಮಾಡಿಕೊಳ್ಳುತ್ತಾರೆ ಎಂಬುದು ಅವರ ವಾದ. ನಿಮ್ಮ ವಯಸ್ಸಿನ ಸಾಲನ್ನು ನೋಡಿದರೆ ಆ ವಾದದಲ್ಲಿ ಹುರುಳಿದೆ ಎನ್ನಬೇಕಾಗುತ್ತದೆ. ಆದರೂ ನಾನು ಅವರನ್ನು ಒಪ್ಪುವುದಿಲ್ಲ. ಲಾಭಾಂಶದ ಸಾಲನ್ನು ಬರೆಯಲು ಗೋ ಭಾಷೆಯಲ್ಲೂ ಯಾವುದೋ ಒಂದು ರೂಪ ಬೇಕೇ ಬೇಕು.

ಬಿಡುಗಡೆಯಲ್ಲಿ ಅಸರ್ಟ್‌ಗಳನ್ನು ತೆಗೆಯಬೇಕೇ? ಹೋರ್ 1973ರಲ್ಲೇ ಇದಕ್ಕೊಂದು ಹೋಲಿಕೆ ಕೊಟ್ಟಿದ್ದರು: ನೆಲದ ಮೇಲೆ ಅಭ್ಯಾಸ ಮಾಡುವಾಗ ಜೀವರಕ್ಷಕ ಅಂಗಿ ತೊಟ್ಟು, ಕಡಲಿಗಿಳಿಯುವಾಗ ಕಳಚಿಡುವ ನಾವಿಕನ ಹಾಗೆ. ನಾನು ಅವರ ಪಕ್ಷ. ಲಕ್ಷಾಂತರ ಬಾರಿ ಸುತ್ತುವ ಲೂಪಿನ ಒಳಗೆ ಭಾರವಾದ ಹೇಳಿಕೆ ಇದ್ದರೆ ತೆಗೆಯಿರಿ, ಅದೂ ಸಮಯ ಅಳೆದು ನೋಡಿದ ಮೇಲೆ. ಲಾಭಾಂಶದಂಥ ಸಾಲನ್ನು ಎಂದಿಗೂ ತೆಗೆಯಬೇಡಿ. ಪೈಥಾನ್‌ನಲ್ಲಿ ಅದು ಮೈನಸ್ ಓ ಆಯ್ಕೆಗೂ ಬಗ್ಗದೆ ಉಳಿಯಬೇಕೆಂದರೆ ಇಫ್ ಮತ್ತು ರೈಸ್ (ಎಕ್ಸೆಪ್ಷನ್ ಎಬ್ಬಿಸುವ ಪದ) ಬಳಸಿ ಬರೆಯಬೇಕಾಗುತ್ತದೆ. ರೂಪ ಇಫ್‌ನದಾದರೂ ಮಾತು ಅಸರ್ಷನ್‌ನದೇ.

ಆದರೆ ಓಡದಿದ್ದರೂ ಬರೆದಿಟ್ಟ ಹೇಳಿಕೆಗೆ ಬೆಲೆ ಇದೆ. 1996ರ ಜೂನ್ 4ರಂದು ಯುರೋಪಿನ ಏರಿಯಾನ್ 5 ರಾಕೆಟ್ಟಿನ ಮೊದಲ ಹಾರಾಟ 40 ಸೆಕೆಂಡಿನೊಳಗೆ ದಾರಿ ತಪ್ಪಿ ನಾಶವಾಯಿತು. ಏರಿಯಾನ್ 4ರಿಂದ ತಂದ ತಂತ್ರಾಂಶದ ಒಂದು ಭಾಗ, 64 ಬಿಟ್‌ನ ದಶಮಾಂಶ ಸಂಖ್ಯೆಯೊಂದನ್ನು 16 ಬಿಟ್‌ನ ಪೂರ್ಣಾಂಕಕ್ಕೆ ಬದಲಿಸುತ್ತಿತ್ತು. ಆ ಸಂಖ್ಯೆ ಅಡ್ಡ ವೇಗಕ್ಕೆ ಸಂಬಂಧಿಸಿದ್ದು. ಏರಿಯಾನ್ 4ರಲ್ಲಿ ಅದು 16 ಬಿಟ್ ಮೀರುವಂತಿರಲಿಲ್ಲ, ಹೊಸ ರಾಕೆಟ್ಟಿನ ವೇಗ ಹೆಚ್ಚು, ಮೀರಿತು. ಇಂಥ ಏಳು ಸಂಖ್ಯೆಗಳಲ್ಲಿ ನಾಲ್ಕಕ್ಕೆ ಮಾತ್ರ ರಕ್ಷಣೆ ಇತ್ತು. ಕಂಪ್ಯೂಟರಿನ ಹೊರೆ ಮಿತಿಯೊಳಗಿರಲೆಂದು ಮೂರನ್ನು ತಿಳಿದೇ ಬಿಟ್ಟಿದ್ದರು. ಹಾಗೆ ಬಿಟ್ಟದ್ದಕ್ಕೆ ಸಮರ್ಥನೆ ಮೂಲ ಕೋಡ್‌ನಲ್ಲಿ ಎಲ್ಲೂ ಸಿಗಲಿಲ್ಲ ಎಂದು ತನಿಖಾ ಮಂಡಳಿಯ ವರದಿ ಹೇಳಿತು. ಅಂದರೆ ಆ ನಂಬಿಕೆ ಜನರ ನೆನಪಿನಲ್ಲೂ ಕಡತಗಳ ರಾಶಿಯಲ್ಲೂ ಇತ್ತು, ಸಾಲಿನ ಪಕ್ಕದಲ್ಲಿ ಇರಲಿಲ್ಲ. ಮರುವರ್ಷ ಕಂಪ್ಯೂಟರ್ ವಿಜ್ಞಾನಿ ಜೆಜೆಕೆಲ್ ಮತ್ತು ಐಫೆಲ್ ರೂಪಿಸಿದ ಮೇಯರ್ ಇದನ್ನೇ ಎತ್ತಿ ತೋರಿಸಿ ಬರೆದರು. ಹಾರುವ ರಾಕೆಟ್ಟನ್ನು ಒಂದು ಅಸರ್ಟ್ ಉಳಿಸುತ್ತಿತ್ತೆಂದು ನಾನು ಹೇಳುವುದಿಲ್ಲ. ಗಾಳಿಯಲ್ಲಿದ್ದಾಗ ಪ್ರೋಗ್ರಾಂ ನಿಂತರೆ ಅದೂ ಅಪಾಯವೇ. ಆದರೆ 'ಈ ಸಂಖ್ಯೆ 32767 ಮೀರುವುದಿಲ್ಲ' (ಆ 16 ಬಿಟ್‌ನ ಪೂರ್ಣಾಂಕದ ಮಿತಿ ಅದು) ಎಂಬ ಒಂದು ಸಾಲು ಅಲ್ಲೇ ಬರೆದಿದ್ದರೆ, ಹೊಸ ರಾಕೆಟ್ಟಿಗೆ ಆ ತುಣುಕನ್ನು ತಂದವರ ಕಣ್ಣಿಗೆ ಬೀಳುವ ಅವಕಾಶವಾದರೂ ಇರುತ್ತಿತ್ತು.

ಕನ್ನಡದ ಹೆಸರಿಗೆ ಬರುತ್ತೇನೆ. ಯಂತ್ರಾನುವಾದದಲ್ಲಿ 'ಸಮರ್ಥನೆ' ಎಂದು ಬರುವುದನ್ನು ನೋಡಿದ್ದೇನೆ. ಅದು ತಪ್ಪು, ಸಮರ್ಥನೆ ಎಂದರೆ ಹೇಳಿಕೆಗೆ ಕೊಡುವ ಕಾರಣ. 'ದೃಢೀಕರಣ' ಆಗಲೇ ಜಾತಿ ಪ್ರಮಾಣಪತ್ರದಿಂದ ಮೊಬೈಲಿನ ಓಟಿಪಿಯವರೆಗೆ ದುಡಿಯುತ್ತಿದೆ, ಅಲ್ಲಿ ದೃಢಪಡಿಸುವವರು ಬೇರೆಯವರು. 'ಪ್ರತಿಪಾದನೆ' ಎಂದರೆ ಉದ್ದನೆಯ ವಾದ ನೆನಪಾಗುತ್ತದೆ. ಅರ್ಥದ ಮಟ್ಟಿಗೆ ಅತಿ ಹತ್ತಿರದ್ದು ನ್ಯಾಯಶಾಸ್ತ್ರದ, ಅಂದರೆ ಭಾರತೀಯ ತರ್ಕಶಾಸ್ತ್ರದ, 'ಪ್ರತಿಜ್ಞೆ'. ಅಲ್ಲಿನ ವಾದದ ಐದು ಅವಯವಗಳಲ್ಲಿ ಮೊದಲನೆಯದು, 'ಪರ್ವತದಲ್ಲಿ ಬೆಂಕಿಯಿದೆ' ಎಂದು ಸಾಧಿಸಬೇಕಾದುದನ್ನು ಮೊದಲು ಹೇಳಿಬಿಡುವ ಮಾತು. ಆದರೆ ಇಂದಿನ ಓದುಗರಿಗೆ ಆ ಪದ ಕೇಳಿದರೆ ಭೀಷ್ಮರು ನೆನಪಾಗುತ್ತಾರೆ. ಬರೀ 'ಹೇಳಿಕೆ' ಎಂದರೆ ಪ್ರೋಗ್ರಾಂನ ಪ್ರತಿಯೊಂದು ಸಾಲಿಗೂ ನಾವು ಹಾಗೆಯೇ ಹೇಳುವುದರಿಂದ ಗೊಂದಲ. ನಾನು ತರಗತಿಯಲ್ಲಿ ಟ್ಯೂರಿಂಗ್ ಮಾಡಿದಂತೆಯೇ ವಿಶೇಷಣ ಸೇರಿಸಿ 'ಖಚಿತ ಹೇಳಿಕೆ' ಎನ್ನುತ್ತೇನೆ, ಕೋಡ್‌ನಲ್ಲಿರುವ ಪದವನ್ನು ಅಸರ್ಟ್ ಎಂದೇ ಕರೆಯುತ್ತೇನೆ.

ನಿಮ್ಮ ಅರ್ಜಿಯ ಪ್ರೋಗ್ರಾಂಗೂ ಅಸರ್ಟ್ ಬೇಕಾಗುತ್ತದೆ, ಬೇರೆ ಜಾಗದಲ್ಲಿ. ವಯಸ್ಸನ್ನು ಇಫ್‌ನಿಂದ ಪರೀಕ್ಷಿಸಿ, ತಪ್ಪಿದ್ದರೆ ನಮೂನೆಯನ್ನು ಮತ್ತೆ ತೋರಿಸುತ್ತೀರಿ. ಅದನ್ನು ದಾಟಿ ಬಂದ ವಯಸ್ಸು, ಒಳಗೆ ಎಲ್ಲೋ ಪಿಂಚಣಿ ಲೆಕ್ಕ ಹಾಕುವ ಫಂಕ್ಷನ್ ತಲುಪುತ್ತದೆ. ಆ ಫಂಕ್ಷನ್‌ನ ಮೊದಲ ಸಾಲಿನಲ್ಲಿ ಬರೆಯಿರಿ: ಅಸರ್ಟ್, ವಯಸ್ಸು >= 0. ಪದಗಳು ನೀವು ಮೊದಲು ಬರೆದವೇ. ಆದರೆ ಅಲ್ಲಿ ನೀವು ಅರ್ಜಿದಾರರ ಜೊತೆ ಮಾತನಾಡುತ್ತಿಲ್ಲ. ಬಾಗಿಲಲ್ಲಿ ತಡೆಯುವ ಕೆಲಸ ಮುಗಿದಿದೆ ಎಂದು, ಮುಂದಿನ ವರ್ಷ ಆ ಬಾಗಿಲನ್ನು ತಿದ್ದಲು ಬರುವ ಇನ್ನೊಬ್ಬ ಪ್ರೋಗ್ರಾಮರ್‌ಗೆ ಹೇಳುತ್ತಿದ್ದೀರಿ.